ಬಿಸಿಲಿನ ವ್ಯಾಪಾರಿ

ವ್ಯಾಪಾರ ನಮ್ಮ ಮನೆತನಕ್ಕೆ ಒಗ್ಗಿದ ವಿದ್ಯೆಯಲ್ಲ. ಹೈಸ್ಕೂಲ್ ಮೇಷ್ಟರಾಗಿದ್ದ ಅಪ್ಪ ಜೀವಮಾನದಲ್ಲಿ ಮಾರಿದ್ದೆಂದರೆ ಹಳೇ ಪೇಪರು ಮಾತ್ರ. ಅದರಲ್ಲೂ ತಕ್ಕಡಿಯವನು ಹೇಳಿದ್ದೇ ತೂಕ. ಅಂಥವರು ಎಪ್ಪತ್ತು ದಾಟಿದ ಮೇಲೆ ಕರೆಂಟು ಮಾರಲು ಹೊರಟರು. ಸಬ್ಸಿಡಿ ಪಡೆಯದೆ ತಾರಸಿಗೆ ಸೋಲಾರ್ ಹಾಕಿಸಿದವರ ವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿತ್ತು. ಅಪ್ಪನನ್ನು ಗೆದ್ದದ್ದು ಒಂಬತ್ತು ರೂಪಾಯಿಯಲ್ಲ, ಆ ಐವತ್ತಾರು ಪೈಸೆ. “ಪೈಸೆವರೆಗೂ ಲೆಕ್ಕ ಹಾಕಿದ್ದಾರೆ ನೋಡು, ಮೋಸ ಇರಲಾರದು.”

ಒಪ್ಪಂದ 25 ವರ್ಷದ್ದು. ಆ ಸಾಲನ್ನು ಅಪ್ಪ ನಿಧಾನವಾಗಿ ಓದಿ, ಪೆನ್ನಿನ ಕ್ಯಾಪು ತೆಗೆಯುತ್ತ, “ಅಷ್ಟು ಹೊತ್ತಿಗೆ ನನಗೆ ತೊಂಬತ್ತೇಳು. ಬಿಲ್ಲು ನೋಡೋಕೆ ಕನ್ನಡಕ ಬದಲಾಯಿಸಬೇಕಾಗುತ್ತೆ” ಎಂದರು. ಸಹಿ ಮಾತ್ರ ಹಾಜರಿ ಪುಸ್ತಕದ ಕಾಲದಷ್ಟೇ ದುಂಡಗಿತ್ತು.

ಹೊಸ ಮೀಟರು ಬಂತು. ಒಳಗೆ ಬಂದ ಕರೆಂಟಿಗೊಂದು ಲೆಕ್ಕ, ಹೊರಗೆ ಹೋದದ್ದಕ್ಕೊಂದು. ಒಂದು ಕಿಲೋವಾಟ್ ಪ್ಯಾನೆಲ್ಲು ಒಳ್ಳೆಯ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಡೈರಿಗೆ ಹಾಲು ಹಾಕಿ ಚೀಟಿಗೆ ಕಾಯುವ ರೈತನ ಹಾಗೆ ಅಪ್ಪ ಮೀಟರಿನ ಮುಂದೆ ನಿಲ್ಲುತ್ತಿದ್ದರು. ಮೋಡ ಬಂದರೆ ಮುಖ ಬಾಡುತ್ತಿತ್ತು. ಮಳೆಗಾಲವನ್ನು ಅಷ್ಟು ವೈಯಕ್ತಿಕವಾಗಿ ತೆಗೆದುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಏಪ್ರಿಲ್ ಮಧ್ಯಾಹ್ನ ಫ್ಯಾನು ತಿರುಗಿದರೆ ಅವರೇ ಎದ್ದು ಆರಿಸುವರು. “ಮಾರೋ ಮಾಲನ್ನ ನಾವೇ ತಿಂದ್ರೆ ಹೇಗೋ?” ಹಗಲಿಗೆ ಬಳಸಿದರೂ ಇರುಳಿಗೆ ಬಳಸಿದರೂ ಒಂದೇ, ತಿಂಗಳ ಕೊನೆಗೆ ಕೊಟ್ಟದ್ದರಲ್ಲಿ ಕೊಂಡದ್ದನ್ನು ಕಳೆದು ಉಳಿದದ್ದಕ್ಕೆ ದುಡ್ಡು ಎಂದು ನಾನು ವಿವರಿಸಿದೆ. ನಲವತ್ತು ವರ್ಷ ಗಣಿತ ಕಲಿಸಿದವರು ಬೆವರೊರೆಸಿಕೊಳ್ಳುತ್ತ, “ಲೆಕ್ಕ ಬೇರೆ, ವ್ಯಾಪಾರ ಬೇರೆ ಕಣೋ” ಎಂದರು.

ಅಮ್ಮನಿಗೆ ತಾರಸಿ ಹೋದ ದುಃಖ. ಸಂಡಿಗೆ, ಹಪ್ಪಳ, ಮೆಣಸಿನಕಾಯಿಯ ಬಿಸಿಲೆಲ್ಲ ಈಗ ಕಂಪನಿ ಪಾಲು. ಒಂದು ಪ್ಯಾನೆಲ್ಲಿನ ಮೂಲೆಗೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ್ದೆಲ್ಲ ಸೊರಗುತ್ತವಂತೆ. ಆದ್ದರಿಂದ ಅಮ್ಮನ ಸೀರೆಗೂ ಅಪ್ಪನ ಆದಾಯಕ್ಕೂ ದಿನಾ ವ್ಯಾಜ್ಯ. ಕರೆಂಟು ಹೋದಾಗ ಅಮ್ಮನಿಗೆ ಜಯ: ತಲೆಯ ಮೇಲೆ ಸೂರ್ಯ ಸುಡುತ್ತಿದ್ದರೂ ಮಿಕ್ಸಿ ತಿರುಗದು! ತಂತಿ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯಬಾರದೆಂದು ಇನ್ವರ್ಟರು ತಾನಾಗಿಯೇ ನಿಲ್ಲುತ್ತದೆ. “ಯಾರದೋ ಮಗ ಮೇಲಿರ್ತಾನೆ ಕಣೇ” ಎಂದು ಅಪ್ಪ ಹೇಳಿದ ದಿನ ಅಮ್ಮ ಮಾತಾಡದೆ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದಳು.

ಮಾರಿದ ಕರೆಂಟು ದೂರವೇನೂ ಹೋಗುವುದಿಲ್ಲ, ಬೀದಿಯಲ್ಲಿ ಮೊದಲು ಸಿಕ್ಕ ಮನೆಯಲ್ಲೇ ಖರ್ಚಾಗುತ್ತದೆ ಎಂದು ತಿಳಿದಾಗ ಅಪ್ಪನಿಗಾದ ಹಿಗ್ಗು ಹೇಳತೀರದು. ಪಕ್ಕದ ಮನೆಯ ರಾಯರ ಜೊತೆ ಅವರು ಮಾತು ಬಿಟ್ಟು ಕಾಲವಾಗಿತ್ತು. ತೆಂಗಿನ ಗರಿ ಬಿದ್ದ ಜಗಳ. ಈಗ ಹನ್ನೊಂದು ಗಂಟೆಗೆ ಆ ಮನೆಯ ಮಿಕ್ಸಿ ಗುರ್ ಎಂದರೆ ಅಪ್ಪ ಪೇಪರು ಇಳಿಸಿ, “ರುಬ್ಬಲಿ, ರುಬ್ಬಲಿ, ನಮ್ಮದೇ” ಎನ್ನುವರು. ಬೇಸಿಗೆಯಲ್ಲಿ ರಾಯರು ಕಾಯಿಲೆ ಬಿದ್ದಾಗ, “ಪಾಪ, ಫ್ಯಾನಾದ್ರೂ ಚೆನ್ನಾಗಿ ತಿರುಗಲಿ” ಎಂದು ಆಕಾಶ ನೋಡಿದರು. ಹೋಗಿ ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ, ಕರೆಂಟು ಕಳಿಸಿದರು.

ಒಪ್ಪಂದದ ಅರ್ಧ ಕೂಡ ಮುಗಿಯುವ ಮೊದಲೇ ಅಪ್ಪ ಹೋದರು. ಕರೆಂಟು ಮಾರುವವರ ಹೆಸರು ಬದಲಾಯಿಸಲು ಮರಣಪತ್ರದ ನಕಲು ಕೊಡಬೇಕಾಯಿತು. ಆ ತಿಂಗಳೂ ಸೂರ್ಯ ರಜೆ ಹಾಕಿರಲಿಲ್ಲ; ಯೂನಿಟ್ಟುಗಳು ಎಂದಿನಂತೆ ಜಮೆಯಾಗಿದ್ದವು. ಮಧ್ಯಾಹ್ನ ಫ್ಯಾನು ಆರಿಸುವವರಿರಲಿಲ್ಲವಾದ್ದರಿಂದ ತುಸು ಕಡಿಮೆ.

ಮೊನ್ನೆ ರಾಯರು ನಮ್ಮನೆಗೆ ಬಂದಿದ್ದರು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿಯಂತೆ; ಹಾಕಿಸಲೋ ಬೇಡವೋ ಎಂಬ ವಿಚಾರಣೆ. ಮಾರುವ ದರ ನಮ್ಮ ಕಾಲದ್ದಲ್ಲ, ಬಹಳ ಇಳಿದಿದೆ ಎಂದು ನಾನೆಂದೆ. ಅಮ್ಮ, “ಧಾರಾಳವಾಗಿ ಹಾಕಿಸಿ. ಸಂಡಿಗೆಗೆ ಮಾತ್ರ ಮೊದಲೇ ಜಾಗ ಬಿಟ್ಕೊಳ್ಳಿ” ಎಂದಳು. ಅವರು ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿದಳು: “ನಿಮ್ಮಪ್ಪ ಇದ್ದಿದ್ರೆ, ಇದ್ದೊಬ್ಬ ಗಿರಾಕೀನೂ ಅಂಗಡಿ ತೆರೆದ ಅಂತ ಒಂದು ವಾರ ಊಟ ಬಿಡೋರು.”