ಇನ್ನೊಮ್ಮೆ ಒತ್ತುವ ಮುನ್ನ

ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಹುದು. ಆಗೊಮ್ಮೆ ಈಗೊಮ್ಮೆ ಕೆಡುವುದೇ ಕಷ್ಟದ್ದು. ರಿಪೇರಿಯವನು ಬಂದಾಗ ಅದು ಸರಿಯಾಗಿಯೇ ಇರುತ್ತದೆ. ಅಂತರ್ಜಾಲ ತಾಣಗಳ ಸ್ವಭಾವವೂ ಇದೇ. ಬೆಳಿಗ್ಗೆ ತೆರೆದದ್ದು ಮಧ್ಯಾಹ್ನ ತೆರೆಯದು. ನೆರೆಮನೆಯಲ್ಲಿ ತೆರೆದದ್ದು ಈ ಮನೆಯಲ್ಲಿ ತೆರೆಯದು.

ಕರ್ನಾಟಕದಲ್ಲಿ ಸಿಇಟಿ ಆರಂಭವಾದದ್ದು 1994ರಲ್ಲಿ. ಆಗ ಸೀಟಿಗಾಗಿ ಕರಾವಳಿಯ ತಂದೆತಾಯಿ ಮಕ್ಕಳೊಂದಿಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ ಮನೆಯಿಂದಲೇ ಕಾಲೇಜು, ಕೋರ್ಸುಗಳ ಆಯ್ಕೆ ನಮೂದಿಸಬಹುದು. ಪ್ರಯಾಣದ ಖರ್ಚು ಉಳಿಯಿತು, ಆತಂಕವೂ ಉಳಿಯಿತು.

ಕಲ್ಯಾಣಪುರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಹೊರಗೆ ಜಡಿಮಳೆ, ಒಳಗೆ ಆಯ್ಕೆ ನಮೂದಿಸುವ ಕೊನೆಯ ದಿನದ ಗಡಿಬಿಡಿ.

"ಎಂತ ಮಗಾ, ಆಯ್ತಾ?"

"ಇಲ್ಲಪ್ಪ, ಚಕ್ರ ತಿರುಗ್ತಾ ಉಂಟು."

"ಇನ್ನೊಮ್ಮೆ ಒತ್ತಿ ನೋಡು."

ಅದೇ ಹೊತ್ತಿಗೆ ಸಾವಿರಾರು ಮನೆಗಳಲ್ಲಿ ಅಪ್ಪಂದಿರು ಇದೇ ಮಾತು ಹೇಳುತ್ತಿರುತ್ತಾರೆ. ಒತ್ತಿದಷ್ಟೂ ಸರ್ವರಿನ ಮುಂದಿನ ಸಾಲು ಉದ್ದವಾಗುತ್ತದೆ.

ದೋಷ ಮನೆಯಲ್ಲಿದೆಯೋ ಆಚೆಯಲ್ಲಿದೆಯೋ ಎಂದು ಮೊದಲು ತಿಳಿಯಬೇಕು. ಬೇರೊಂದು ತಾಣ ತೆರೆದು ನೋಡಿ. ಅದೂ ಬಾರದಿದ್ದರೆ ರೂಟರನ್ನು ಅರ್ಧ ನಿಮಿಷ ಆರಿಸಿ ಮತ್ತೆ ಹಾಕಿ. ಆ ಒಂದು ತಾಣ ಮಾತ್ರ ಬಾರದಿದ್ದರೆ, ಮೊಬೈಲಿನ ವೈಫೈ ತೆಗೆದು ಅದರದೇ ಡೇಟಾದಲ್ಲಿ ಪ್ರಯತ್ನಿಸಿ. ಅಲ್ಲಿ ತೆರೆದರೆ ತಾಣ ಸರಿಯಿದೆ. ತೊಂದರೆ ಮನೆಯ ಸಂಪರ್ಕದಲ್ಲೋ ಕಂಪ್ಯೂಟರಿನಲ್ಲೋ ಇದೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಮಾತ್ರ ತೆರೆದರೆ, ಹಿಂದೆ ಉಳಿಸಿಟ್ಟ ಹಳೆಯ ಪ್ರತಿ ಅಡ್ಡಬಂದಿರಬಹುದು. ಅದನ್ನು ಅಳಿಸಿ ನೋಡಿ.

'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ತಾರೀಕು ನೋಡಿ. ಹಳೆಯ ಡೆಸ್ಕ್‌ಟಾಪಿನೊಳಗಿನ ಪುಟ್ಟ ಸೆಲ್ ಮುಗಿದಿದ್ದರೆ, ಕರೆಂಟು ಹೋಗಿ ಬಂದಾಗ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ; ಆಗ ಸರಿಯಾದ ತಾಣವೂ ಸಂಶಯಾಸ್ಪದವಾಗಿ ಕಾಣುತ್ತದೆ. ತಾರೀಕು ಸರಿಯಿದ್ದೂ ಎಚ್ಚರಿಕೆ ಹೋಗದಿದ್ದರೆ ಮುಂದುವರಿಯಬೇಡಿ.

ಪರದೆಯ ಅಂಕೆಗಳೂ ಮಾತಾಡುತ್ತವೆ. 404 ಎಂದರೆ ಆ ವಿಳಾಸದಲ್ಲಿ ಪುಟವಿಲ್ಲ. 502, 503, 504 ಎಂದರೆ ತೊಂದರೆ ಸರ್ವರಿನ ಕಡೆಯದು. ದೊಡ್ಡ ತಾಣಗಳ ಹಿಂದೆ ಹಲವು ಸರ್ವರುಗಳಿರುತ್ತವೆ. ಅವುಗಳಲ್ಲೊಂದು ಬಳಲಿದರೆ ಅದರ ಪಾಲಿಗೆ ಬಿದ್ದವರಿಗೆ ಮಾತ್ರ ದೋಷ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಕಾಯುವುದೇ ಮದ್ದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಶುಲ್ಕ ಕಟ್ಟುವಾಗ ಪುಟ ನಿಂತುಹೋದರೆ, ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ನೋಡದೆ ಮತ್ತೆ ಹಣ ಕಟ್ಟಬೇಡಿ. ಗಂಟೆ, ದೋಷದ ಅಂಕೆ, ಪರದೆಯ ಚಿತ್ರ ಈ ಮೂರನ್ನೂ ಉಳಿಸಿಡಿ. ಸಹಾಯವಾಣಿಗೆ 'ಸೈಟ್ ಬರ್ತಿಲ್ಲ' ಎಂದು ಹೇಳುವುದಕ್ಕಿಂತ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಎಲ್ಲಕ್ಕಿಂತ ಮೊದಲು, ಕಾಲೇಜುಗಳ ಪಟ್ಟಿಯನ್ನು ತಂದೆತಾಯಿ, ಮಕ್ಕಳು ಒಟ್ಟಿಗೆ ಕುಳಿತು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಚರ್ಚೆ ಆಗಲೇ ಮುಗಿದಿದ್ದರೆ, ತಾಣ ಸ್ವಲ್ಪವೇ ಹೊತ್ತು ತೆರೆದಿದ್ದರೂ ಮಕ್ಕಳ ಒಂದು ವರ್ಷ ಉಳಿಯುತ್ತದೆ.