ಎರಡನೆಯ ಮಿಷನು

ನಮ್ಮ ಮನೆಗೆ ಮರ ಕೊಯ್ಯುವ ಮಿಷನು ಎರಡು ಬಾರಿ ಬಂದಿತು. ಮೊದಲನೆಯದು ಬಂದುದು 2021ರ ಬೇಸಿಗೆಯಲ್ಲಿ. ಅದನ್ನು ಹಾಳುಮಾಡಿದವರು ನಾವೇ, ಈ ಶಾಲೆಯಲ್ಲೇ ಓದಿದ ಅಣ್ಣತಮ್ಮಂದಿರು. ಶಾಲೆಯ ಸಂಚಿಕೆಯಲ್ಲಿ ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ನಮ್ಮ ಕಾಸರಗೋಡಿನ ಕಡೆ ತೋಟವಿರುವ ಎಷ್ಟೋ ಮನೆಗಳಲ್ಲಿ ಇಂತಹ ಮಿಷನು ಇರುವುದರಿಂದ ಬರೆಯುತ್ತಿದ್ದೇವೆ.

ಗ್ಯಾಸಿನ ಒಲೆ ಇದ್ದರೂ ಸ್ನಾನದ ಹಂಡೆಗೂ ಕುಚ್ಚಲಕ್ಕಿ ಬೇಯುವುದಕ್ಕೂ ನಮ್ಮಲ್ಲಿ ಕಟ್ಟಿಗೆಯೇ ಆಗಬೇಕು. ಪತ್ತನಾಜೆ ಕಳೆದರೆ ಮಳೆ ಯಾವ ದಿನ ಹಿಡಿಯುವುದೋ ಹೇಳಲಾಗದು. ಅಷ್ಟರೊಳಗೆ ಕೊಟ್ಟಿಗೆ ತುಂಬಬೇಕು. ಹಿಂದೆ ನೆರೆಮನೆಯ ಅಜ್ಜನೂ ಅವರ ತಮ್ಮನೂ ಇಬ್ಬರು ಎಳೆಯುವ ದೊಡ್ಡ ಗರಗಸದಿಂದ ಕೊಯ್ದು ಕೊಡುತ್ತಿದ್ದರು. ತಮ್ಮ ತೀರಿಕೊಂಡ ಮೇಲೆ ಅಜ್ಜನ ಗರಗಸ ಅಟ್ಟ ಸೇರಿತು. ನಾವು ಅಡಕೆ ಮಾರಿದ ಹಣದಲ್ಲಿ ಮಿಷನು ಕೊಂಡೆವು.

ಆ ಮೊದಲ ಮಿಷನಿಗೆ ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಬಾಯಿ ಮುಕ್ಕಳಿಸಿದಂತಹ ಗುಳುಗುಳು ಸದ್ದು ಬರುತ್ತಿತ್ತು. ಬಲ ಸಾಲದು ಎಂದುಕೊಂಡು ಕಾರ್ಬುರೇಟರಿನ ಸ್ಕ್ರೂ ಒಳಕ್ಕೆ ತಿರುಗಿಸಿದೆವು. ಸದ್ದು ಸೀಟಿಯಂತೆ ಏರಿತು, ನಾವೂ ಹಿಗ್ಗಿದೆವು. ಮೂರನೆಯ ದಿನ ಮಧ್ಯಾಹ್ನ ಮಿಷನು ತಟಕ್ಕನೆ ನಿಂತಿತು. ಹಗ್ಗ ಎಳೆದರೆ ಅಲುಗದು. ರಿಪೇರಿಯವರು ಪಿಸ್ಟನ್ ಬಿಚ್ಚಿ ತೋರಿಸಿದರು. ಬದಿಯಲ್ಲೆಲ್ಲ ಉಗುರಿನಿಂದ ಪರಚಿದಂತಹ ಗೆರೆಗಳು. ಈ ಎಂಜಿನಿನ ಒಳಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದರ ಜೀವ. ಸ್ಕ್ರೂ ತಿರುಗಿಸಿ ಪೆಟ್ರೋಲು ಕಡಿಮೆ ಮಾಡಿದವರು ಎಣ್ಣೆಯನ್ನೂ ಕಡಿಮೆ ಮಾಡಿದ್ದೆವು. ಆ ಮಳೆಗಾಲವೆಲ್ಲ ಅಮ್ಮ ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಎರಡನೆಯ ಮಿಷನು ಕೊಳ್ಳಲು 2023ರವರೆಗೆ ಕಾಯಬೇಕಾಯಿತು. ಅಂಗಡಿಯವರು ಮಲಯಾಳದಲ್ಲಿ ವಿವರಿಸಿದರು, ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಹಿರಿಯವನ ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಕೈಪಿಡಿಯನ್ನು ಕಸಿದುಕೊಂಡು, "ಅಪ್ಪಾ, ಚಿಕ್ಕಪ್ಪಾ, ನಾನು ಓದಿ ಮುಗಿಸುವವರೆಗೆ ಯಾರೂ ಮುಟ್ಟಬೇಡಿ" ಎಂದಳು. ಎರಡು ದಿನ ಅರ್ಥಕೋಶ ಹಿಡಿದು ಓದಿ, ಕನ್ನಡದಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿದಳು.

ಅದರಂತೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ, ಅಂದರೆ 25ಕ್ಕೆ 1. (ಕೆಲವು ಮಿಷನುಗಳಿಗೆ 50ಕ್ಕೆ 1, ತಮ್ಮ ತಮ್ಮ ಕೈಪಿಡಿ ನೋಡತಕ್ಕದ್ದು.) ಮೊದಲ ಕೆಲವು ಟ್ಯಾಂಕು ಮುಗಿಯುವ ತನಕ ಗಾಳಿಯಲ್ಲಿ ಪೂರ್ತಿ ವೇಗದಲ್ಲಿ ಓಡಿಸಬಾರದು. ಸಾಧಾರಣ ದಪ್ಪದ ಕೊಂಬೆ ಕೊಯ್ಯಬೇಕು, ನಡುನಡುವೆ ವಿಶ್ರಾಂತಿ ಕೊಡಬೇಕು. ಹೊಸ ಚೈನು ಬೇಗ ಹಿಗ್ಗುತ್ತದೆ. ನಾಲ್ಕೈದು ತುಂಡಿಗೊಮ್ಮೆ ಮಿಷನು ನಿಲ್ಲಿಸಿ ನೋಡಬೇಕು. ಕೆಳಗೆ ಜೋತುಬೀಳಬಾರದು, ಆದರೆ ಕೈಗವಸು ಹಾಕಿ ಎಳೆದರೆ ಸಲೀಸಾಗಿ ಸರಿಯಬೇಕು. ಬಿಸಿಯಲ್ಲಿ ಬಿಗಿಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಬೇಕು, ತಣಿದಾಗ ಅದು ಕುಗ್ಗುತ್ತದೆ. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನು ಮುಖದತ್ತ ಚಿಮ್ಮುತ್ತದೆ ಎಂಬುದನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಅವಳಿಗೆ ಮಾತ್ರ ಅಂಗಳ ದಾಟಿ ಹತ್ತಿರ ಬರಲು ಅಪ್ಪಣೆ ಇರಲಿಲ್ಲ. ಅದಕ್ಕೆ ಮುನಿಸಿಕೊಂಡಿದ್ದಳು.

ಹಿಂದಿನ ಮಳೆಗಾಲದಲ್ಲಿ ಬಿದ್ದ ಗೇರುಮರವನ್ನು ಕೊಯ್ಯತೊಡಗಿದೆವು. ಮತ್ತೆ ಅದೇ ಗುಳುಗುಳು ಸದ್ದು! ನಮ್ಮಲ್ಲಿ ಕಿರಿಯವನ ಕೈ ಸ್ಕ್ರೂ ಡ್ರೈವರಿನತ್ತ ಹೋಗಿಯೇಬಿಟ್ಟಿತ್ತು. ಜಗಲಿಯಲ್ಲಿ ಕುಳಿತಿದ್ದ ಅಜ್ಜ ಕೂಗಿದರು: "ಗಾಳಿಯಲ್ಲಿ ಕೇಳಿ ಏನಾಗಬೇಕು ಮಗಾ? ಮರಕ್ಕೆ ಇಟ್ಟು ಕೇಳು."

ಮರಕ್ಕೆ ಇಟ್ಟೆವು. ಗುಳುಗುಳು ಮಾಯವಾಗಿ ಸದ್ದು ಒಂದೇ ಎಳೆಯಾಯಿತು. ಮರದಿಂದ ತೆಗೆದರೆ ಮತ್ತೆ ಗುಳುಗುಳು. ಗೋಡೆಯ ಹಾಳೆಯಲ್ಲಿಯೂ ಅದೇ ಇತ್ತು, ನಾವು ಸರಿಯಾಗಿ ಓದಿರಲಿಲ್ಲ. ನಾವು ದೋಷವೆಂದು ತಿಳಿದಿದ್ದ ಸದ್ದೇ ಪೆಟ್ರೋಲೂ ಎಣ್ಣೆಯೂ ಸಾಕಷ್ಟು ಸಿಗುತ್ತಿದೆ ಎಂಬುದರ ಗುರುತು. ಎಂಜಿನು ನೋಡಿಯೇ ಇರದ ಅಜ್ಜನಿಗೆ ಅದು ಹೇಗೆ ತಿಳಿಯಿತೆಂದು ಕೇಳಿದರೆ, "ಗರಗಸ ಎಲ್ಲ ಒಂದೇ ಅಲ್ಲವಾ" ಎಂದರು.

ಐದು ಟ್ಯಾಂಕು ಮುಗಿದ ಮೇಲೆ ಗಾಳಿಯ ಸೋಸುಬಲೆ ತೊಳೆದು, ಎಂಜಿನು ಬಿಸಿಮಾಡಿ ಹದಮಾಡಿದೆವು. ಸ್ಕ್ರೂಗಳು ಎಷ್ಟು ಸುತ್ತು ತೆರೆದಿವೆ ಎಂದು ಮೊದಲೇ ಬರೆದಿಟ್ಟುಕೊಂಡೆವು, ತಪ್ಪಿದರೆ ಹಿಂದಿರುಗಬೇಕಲ್ಲ. 'ಎಲ್' ಸ್ಕ್ರೂ ನಿಧಾನದ ಓಟಕ್ಕೆ. 'ಟಿ' ಸ್ಕ್ರೂವನ್ನು, ಎಕ್ಸಿಲರೇಟರ್ ಬಿಟ್ಟಾಗ ಎಂಜಿನು ನಿಲ್ಲದಂತೆ ಆದರೆ ಚೈನು ತಿರುಗದಂತೆ ಇಟ್ಟೆವು. 'ಎಚ್' ಸ್ಕ್ರೂವನ್ನು ಮುಟ್ಟಲಿಲ್ಲ. ಧೈರ್ಯವಿರಲಿಲ್ಲವೆಂದರೂ ಸರಿಯೇ.

ಮರುದಿನ ತುಂಡಿನಿಂದ ಚಕ್ಕೆಯ ಬದಲು ಹಿಟ್ಟಿನಂತಹ ಹುಡಿ ಬೀಳತೊಡಗಿತು. ನಾವು ಪುನಃ ಕಾರ್ಬುರೇಟರನ್ನು ಸಂಶಯಿಸಿದೆವು. ಅಜ್ಜ ಎದ್ದು ಬಂದು, ನಿಲ್ಲಿಸಿದ ಚೈನಿನ ಹಲ್ಲನ್ನು ಉಗುರಿನಿಂದ ಮುಟ್ಟಿ, "ಹರಿತ ಹೋಗಿದೆ, ಅರ ತನ್ನಿ" ಎಂದರು. ಉರುಟು ಅರದಿಂದ ಹಲ್ಲಿಗೆ ಮೂರು ಸಲದಂತೆ, ಒಳಗಿನಿಂದ ಹೊರಕ್ಕೆ ಒಂದೇ ಓರೆಯಲ್ಲಿ ಉಜ್ಜಿದರು. ಮತ್ತೆ ಚಕ್ಕೆ ಹಾರಿತು.

ಸಂಜೆ ಬೆರೆಸಿದ ಪೆಟ್ರೋಲು ಮುಗಿಯಿತು. ಮೋಡ ಕವಿದಿತ್ತು, ಇನ್ನೂ ಎರಡು ದಪ್ಪ ತುಂಡು ಉಳಿದಿತ್ತು. ಅಜ್ಜ, "ನನ್ನ ಗರಗಸ ಅಟ್ಟದಲ್ಲಿದೆ, ಇಬ್ಬರಿದ್ದೀರಲ್ಲ" ಎಂದರು. ಎಳೆದೆವು. ಎರಡು ತುಂಡಿಗೆ ಒಂದು ಗಂಟೆ ಹಿಡಿಯಿತು. ಅಜ್ಜ ಮೆಟ್ಟಲಲ್ಲಿ ಕುಳಿತು, "ದೂಡಬೇಡ, ಎಳೆ, ಅವನು ಎಳೆಯುವಾಗ ನೀನು ಬಿಡು" ಎಂದು ಹೇಳುತ್ತಲೇ ಇದ್ದರು. ಕೊನೆಯ ತುಂಡು ಬೀಳುವಾಗ ಹನಿ ಬೀಳತೊಡಗಿತ್ತು. ಅಮ್ಮ ಹೊರಬಂದು ಕಟ್ಟಿಗೆ ಒಳಗೆ ಸಾಗಿಸತೊಡಗಿದರು.