ಎ ಡ್ರೈವೇ ಬಿ ಡ್ರೈವು

ಮನೆಯ ಕಂಪ್ಯೂಟರಿನಲ್ಲಿ ಜಿ ಎಂಬ ಡ್ರೈವೊಂದು ಕಾಣಿಸಿಕೊಂಡಿದೆ. ಸಿ ನಮ್ಮದು, ಡಿ ನಮ್ಮದು. ಈ ಜಿ ಯಾರದು? ಕ್ಲಿಕ್ ಮಾಡಿದರೆ ‘ಡಿಸ್ಕ್ ಹಾಕಿ’ ಅನ್ನುತ್ತದೆ. ಎಲ್ಲಿಗೆ ಅಂತ ಹಾಕುವುದು? ಅಕ್ಕನ ಮಗನಿಗೆ ಫೋನ್ ಮಾಡಿದೆ. “ಸಂಜೆ ಬಂದು ನೋಡ್ತೀನಿ ಮಾವ, ಏನೂ ಒತ್ತಬೇಡಿ” ಅಂದ. ಸಿಲ್ಕ್ ಬೋರ್ಡ್ ದಾಟಿ ಬೊಮ್ಮನಹಳ್ಳಿಗೆ ಬರುವವರ ಸಂಜೆ ಎಷ್ಟು ಹೊತ್ತಿಗೆ ಆಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲದ ಡ್ರೈವು ಡಿಸ್ಕ್ ಕೇಳುವುದು ನನಗೆ ಹೊಸದಲ್ಲ. ನಾನು ಡಾಸ್ ಕಲಿತ ಜಯನಗರದ ಮಹಡಿ ಮೇಲಿನ ಕ್ಲಾಸಿನ ಕಂಪ್ಯೂಟರಿಗೆ ಇದ್ದದ್ದು ಒಂದೇ ಫ್ಲಾಪಿ ಡ್ರೈವು. ಡಾಸ್ ಅದನ್ನು ಒಪ್ಪುತ್ತಲೇ ಇರಲಿಲ್ಲ. ಒಂದನ್ನೇ ಎ ಅಂತಲೂ ಕರೆಯುತ್ತಿತ್ತು, ಬಿ ಅಂತಲೂ ಕರೆಯುತ್ತಿತ್ತು. ಎ-ಯಿಂದ ಬಿ-ಗೆ ಕಾಪಿ ಮಾಡು ಅಂದರೆ ಒಂದಿಷ್ಟು ಓದಿ ನಿಲ್ಲುವುದು. ಬಿ ಡ್ರೈವಿಗೆ ಡಿಸ್ಕೆಟ್ ಹಾಕಿ ಯಾವುದಾದರೂ ಕೀ ಒತ್ತು ಅನ್ನುವುದು. ಇದ್ದ ಫ್ಲಾಪಿ ಎಳೆದು ಅದೇ ಬಾಯಿಗೆ ಇನ್ನೊಂದು ತುರುಕಬೇಕು. ಬರೆದು ಮುಗಿಸಿದ್ದೇ, ಮತ್ತೆ ಎ ಬೇಕು! ನಟರು ಸಾಲದ ಊರಿನ ನಾಟಕದಲ್ಲಿ ಒಬ್ಬನೇ ಒಳಗೆ ಹೋಗಿ ಕಿರೀಟ ಬದಲಿಸಿ ರಾಮನೂ ರಾವಣನೂ ಆಗಿ ಬರುವ ಹಾಗೆ. ಹತ್ತಾರು ಫೈಲುಗಳಿದ್ದರಂತೂ ಪ್ರತಿ ಫೈಲಿಗೂ ಈ ಸೇವೆ. ಆ ಬಿ-ಯ ಮೇಲೆ ನನಗೆ ಇಂದಿಗೂ ಅಕ್ಕರೆ. ಇಲ್ಲದೆಯೂ ಅಷ್ಟು ದುಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಅಕ್ಷರಗಳನ್ನು ಮನೆ ಕಂಪ್ಯೂಟರಿಗೆ ತಂದ ಪುಣ್ಯಾತ್ಮ ಗ್ಯಾರಿ ಕಿಲ್ಡಾಲ್, 1974ರಲ್ಲಿ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಮೂಲಕ. ಡಾಸ್ ಅದನ್ನೇ ಅನುಸರಿಸಿತು. 1981ರ ಐಬಿಎಂ ಪಿಸಿಗೆ ಎ, ಬಿ ಸಾಕಾಗಿದ್ದವು. 1983ರ ಎಕ್ಸ್‌ಟಿಯಲ್ಲಿ 10 ಎಂಬಿ ಹಾರ್ಡ್‌ಡಿಸ್ಕ್ ಬಂದು ಸಿ ಹಿಡಿಯಿತು. ಆಮೇಲೆ ಫ್ಲಾಪಿಗಳು ಹೋದವು, ಸಿ ಮಾತ್ರ ಮುಂದಕ್ಕೆ ಸರಿಯಲಿಲ್ಲ. ದುಡ್ಡೆಲ್ಲ ಡಾಸ್ ಮಾರಿದ ಬಿಲ್ ಗೇಟ್ಸ್‌ಗೆ ಹೋಯಿತು, ಕಿಲ್ಡಾಲ್‌ಗೆ ಉಳಿದದ್ದು ಈ ಅಕ್ಷರಗಳು. ನನ್ನ ಲೆಕ್ಕದಲ್ಲಿ ಅದೇನು ಕಡಿಮೆಯಲ್ಲ.

ನಮ್ಮ ಏರಿಯಾದಲ್ಲಿ ಎ, ಬಿ ಅಂದರೆ ಯಾರಿಗೂ ಫ್ಲಾಪಿ ನೆನಪಾಗುವುದಿಲ್ಲ ಬಿಡಿ. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬಿಬಿಎಂಪಿಯಲ್ಲಿ ಸೇರಿಹೋಯಿತು. ರೆವಿನ್ಯೂ ಸೈಟಿನ ಮನೆಗಳು ಬಿ ಖಾತೆಗೆ ಬಿದ್ದವು. ತೆರಿಗೆ ಕಟ್ಟಿಸಿಕೊಳ್ಳುವಾಗ ಮನೆ ಇದೆ, ಪ್ಲಾನ್ ಸ್ಯಾಂಕ್ಷನ್ ಕೇಳಿದರೆ ಇಲ್ಲ. ಡಾಸ್‌ನ ಬಿ ಇಷ್ಟು ನಿಷ್ಠುರವಾಗಿರಲಿಲ್ಲ. 2025ರಲ್ಲಿ ಸರ್ಕಾರ ಶುಲ್ಕ ಕಟ್ಟಿಸಿಕೊಂಡು ಬಿ-ಯನ್ನು ಎ ಮಾಡಿಕೊಡಲು ಶುರುಮಾಡಿದ ಮೇಲೆ ಬೀದಿಯಲ್ಲೆಲ್ಲ ಅದೇ ಮಾತು.

ಹುಡುಗ ಒಂಬತ್ತರ ಮೇಲೆ ಬಂದ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಜಿ ಎದುರು ‘ನೋ ಮೀಡಿಯಾ’ ಎಂದಿತ್ತು. ಅಂದರೆ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಈ ಡಬ್ಬದ ಮುಂದೆ ಧೂಳು ಕುಡಿಯುತ್ತ ಕೂತಿದ್ದ ಮೆಮೊರಿ ಕಾರ್ಡಿನ ಖಾಲಿ ಸ್ಲಾಟು! ಖಾಲಿ ಡ್ರೈವುಗಳನ್ನು ವಿಂಡೋಸ್ ತಾನಾಗಿ ಬಚ್ಚಿಡುತ್ತದೆ; ಆ ಆಯ್ಕೆಯ ಟಿಕ್ ಹೇಗೋ ಹೋಗಿತ್ತು. ಹಾಕಿದ, ಜಿ ಮಾಯವಾಯಿತು.

“ಹಾಗೇ ನನ್ನ ಪೆನ್‌ಡ್ರೈವಿಗೆ ಬಿ ಅಂತ ಕೊಡೋಕಾಗುತ್ತೇನೋ?”

“ಆಗುತ್ತೆ ಮಾವ. ಆದರೆ ಎ ಕೂಡ ಖಾಲಿ ಇದೆ, ತಗೊಳ್ಳಿ. ಇಲ್ಲಿ ಶುಲ್ಕ ಇಲ್ಲ.”